ಆಸ್ಟ್ರಿಯನ್ ಅಂತ ಯಾರು ಬರೆದದ್ದು?

"ಇದನ್ನ ಬರೆದ ಬುದ್ಧಿಗೇಡಿ ಯಾರೋ..."

ಪ್ರಾಚಿ ಹಲ್ಲು ಕಚ್ಚಿ ಗೊಣಗಿದಳು. ಆಕ್ಲೆಂಡಿನ ಈ ಸಣ್ಣ ವಿಮಾನ ಮ್ಯೂಸಿಯಮ್ಮಿನಲ್ಲಿ ಕನ್ನಡ ಯಾರಿಗೆ ತಿಳಿದೀತು?

"ನಾನs ರೀ," ಎಂದಿತು ಬೆನ್ನ ಹಿಂದೆ ಒಂದು ಧ್ವನಿ. "ಯಾಕ, ಏನಾತು?"

ತಿರುಗಿದಳು. ಕೈಗೆಲ್ಲ ಗ್ರೀಸು, ಎದೆಯ ಮೇಲೆ ರುದ್ರೇಶ ಎಂಬ ಬ್ಯಾಡ್ಜು. ವಾರವಿಡೀ ವಿಮಾನ ರಿಪೇರಿ ಮಾಡಿ, ಭಾನುವಾರ ಇಲ್ಲಿ ಪುಕ್ಕಟೆ ದುಡಿಯುವವನು. ಅವನ ಕಣ್ಣಲ್ಲಿ ನಗು ಬೇರೆ... ಅವಳ ಸಿಟ್ಟು ನೆತ್ತಿಗೇರಿತು.

ಅವಳು ಒನೆಹುಂಗಾದ ವೃದ್ಧಾಶ್ರಮದಲ್ಲಿ ನರ್ಸ್. ಪಕ್ಕದ ಗಾಲಿಕುರ್ಚಿಯಲ್ಲಿ ತೊಂಬತ್ತೊಂದರ ಲುದ್ಮಿಲಾ. ಎದುರಿನ ಗೋಡೆಯಲ್ಲಿ ನೂರು ವರ್ಷಕ್ಕೂ ಹಳೆಯ ಫೋಟೊ: ಜೋಡಿ ರೆಕ್ಕೆಯ ಯುದ್ಧವಿಮಾನ, ಅದಕ್ಕೊರಗಿ ನಿಂತ ತರುಣ. ಲುದ್ಮಿಲಾಳ ಅಪ್ಪ, ಯಾನ್. ಕೆಳಗಿನ ಚೀಟಿಯಲ್ಲಿ 'ಆಸ್ಟ್ರಿಯನ್ ಪೈಲಟ್'.

"ಇವರಪ್ಪ ಚೆಕ್ ನಾಡಿನವರು ರೀ."

"ಅವರ ಹಾರಾಟದ ಲಾಗ್‌ಬುಕ್ಕಿನಾಗ ಹಂಗ ಐತಿ. ಅದರಾಗಿಲ್ಲದ್ದು ನಾವು ಬರಿಯಂಗಿಲ್ಲ."

"ಲಾಗ್‌ಬುಕ್ ಬರೆದವರು ಯಾರು? ಇವರ ನಾಡು ಆಳತಿದ್ದ ಆಸ್ಟ್ರಿಯಾ ಚಕ್ರವರ್ತಿ ಮಂದಿ. ನಮ್ಮ ಮುತ್ತಜ್ಜ ಬ್ರಿಟಿಷರ ಫೌಜಿನಾಗ ಇದ್ದ. ಅವನ್ನೂ ಇಂಗ್ಲಿಷಿನವ ಅಂತ ಬರೀತೀರೇನು?"

ರುದ್ರೇಶನ ನಗು ಆರಿತು.

"ಬಿಡು ಮಗು," ಎಂದಳು ಲುದ್ಮಿಲಾ ಇಂಗ್ಲಿಷಿನಲ್ಲಿ. "ಸಾಯುವವರೆಗೂ ಅಪ್ಪನನ್ನು ಹಾಗೇ ಕರೆದರು. ಮನೆಗೆ ಹೋಗೋಣ."

ಆ ಸೋತ ದನಿ ಪ್ರಾಚಿಯ ಎದೆಗೆ ಚುಚ್ಚಿತು.

"ಮುಂದಿನ ಭಾನುವಾರ ಬರ್ರಿ, ಸರಿ ಮಾಡಿರತೀನಿ," ಎಂದ ರುದ್ರೇಶ. "ನಿಮ್ಮ ನಂಬರ್..."

"ಬೇಕಾಗಿಲ್ಲ."

ಮುಂದಿನ ಭಾನುವಾರ ಅವಳು ಒಬ್ಬಳೇ ಬಂದಳು. ಅಜ್ಜಿಗೆ ಇನ್ನೊಮ್ಮೆ ಅವಮಾನವಾಗಬಾರದು... ಮೊದಲು ತಾನು ನೋಡಬೇಕು.

ಗೋಡೆ ಖಾಲಿ. ಚೀಟಿಯೂ ಇಲ್ಲ, ಫೋಟೊವೂ ಇಲ್ಲ.

ಇವನನ್ನು ನಂಬಿದೆನಲ್ಲ... ವಾರವೆಲ್ಲ ಇವನ ಮುಖ ನೆನೆದೆನಲ್ಲ!

"ತಪ್ಪು ತಿದ್ದೂಕಿಂತ ಫೋಟೊ ಕಿತ್ತ ಹಾಕೂದು ಸಸಾರ ಆತೇನು?" ವಿಮಾನ ನಿಲ್ಲಿಸುವ ಹ್ಯಾಂಗರಿಗೇ ನುಗ್ಗಿ ಕೇಳಿದಳು.

ರುದ್ರೇಶ ಸ್ಪ್ಯಾನರ್ ಕೆಳಗಿಟ್ಟ. "ಫೋಟೊ ಲುದ್ಮಿಲಾ ಆಂಟಿ ಕಡೆ ಐತಿ."

"ಏನು?"

"ನಿಮ್ಮ ಅಂಗಿ ಮ್ಯಾಲೆ ಆಶ್ರಮದ ಹೆಸರಿತ್ತಲ್ಲ, ಗುರುವಾರ ಫೋಟೊ ತಗೊಂಡು ಹೋದೆ. ನಿಮಗ ರಜಾ ಅಂದ್ರು. ಆಂಟಿ ಎರಡು ತಾಸು ಮಾತಾಡಿದ್ರು. ತಮ್ಮ ನಾಡು ಸ್ವತಂತ್ರ ಆದ ದಿನ ಅವರಪ್ಪ ಟೋಪಿ ಮ್ಯಾಲಿನ ಚಕ್ರವರ್ತಿ ಚಿಹ್ನೆ ತಾನs ಕಿತ್ತನಂತ."

ಕಿಸೆಯಿಂದ ಆ ಚೀಟಿಯನ್ನೇ ತೆಗೆದ.

"ಲಾಗ್‌ಬುಕ್ಕಿನಾಗ ತಪ್ಪಾದ್ರ ಅಳಸಂಗಿಲ್ಲ. ಒಂದು ಗೀಟು ಎಳದು, ಸರಿ ಇದ್ದದ್ದು ಬರದು, ತಿಳಿದವರು ಸಹಿ ಮಾಡಬೇಕು."

'ಆಸ್ಟ್ರಿಯನ್' ಮೇಲೆ ಒಂದು ಗೀಟು. ಪಕ್ಕದಲ್ಲಿ ನಡುಗುವ ಕೈಬರಹ: 'ಚೆಕ್'. ಕೆಳಗೆ ಲುದ್ಮಿಲಾಳ ಸಹಿ.

"ನನಗ ಯಾಕ ಹೇಳಲಿಲ್ಲ?"

"ಮ್ಯೂಸಿಯಂ ಕಮಿಟಿ ಒಪ್ಪದಿದ್ರ ನೀವು ನೊಂದ್ಕೋತೀರಿ, ಹೇಳಬ್ಯಾಡ ಅಂದ್ರು ಆಂಟಿ. ಇವತ್ತ ಮುಂಜಾನೆ ಒಪ್ಪಿತು. ಈಗ ಅವರನ್ನ ಕರಕೊಂಡು ಬರಾಕ ಹೊಂಟಿದ್ದೆ."

ಇಬ್ಬರೂ ಅವನ ಯೂಟ್ ಗಾಡಿಯಲ್ಲಿ ಹೋಗಿ ಲುದ್ಮಿಲಾಳನ್ನು ಫೋಟೊ ಸಮೇತ ಕರೆತಂದರು. ರುದ್ರೇಶ ಫೋಟೊ ಮತ್ತೆ ಗೋಡೆಗೆ ಹಾಕಿದ; ಲುದ್ಮಿಲಾ ತನ್ನ ಕೈಯಾರೆ ಚೀಟಿ ಅಂಟಿಸಿದಳು. "ಅಪ್ಪ, ಬಂದೆ," ಎಂದು ಫೋಟೊದ ಮುಂದೆ ಕುಳಿತೇಬಿಟ್ಟಳು. ಮನೆಯ ಮಾತು ಎತ್ತಲೇ ಇಲ್ಲ.

ಪ್ರಾಚಿ ಕಣ್ಣೊರೆಸಿಕೊಂಡಳು.

"ಸಿಟ್ಟು ಇಳೀತೇನ್ರಿ?" ರುದ್ರೇಶ ಮೆಲ್ಲಗೆ ಕೇಳಿದ.

"ಇಲ್ಲ. ನೂರು ವರ್ಷ ಹಂಗs ಬರದಾರಲ್ಲ... ಹೆಂಗ ಇಳೀತೈತಿ? ಆದರ ನಿಮ್ಮ ಮ್ಯಾಲಲ್ಲ."

"ಪರರ ಅಪ್ಪನ ಸಲುವಾಗಿ ಇಷ್ಟು ಜಗಳಾಡೋರನ್ನ ನಾ ಕಂಡಿಲ್ಲ. ಜೀವನಪೂರ್ತಿ ನೀವು ನನ್ನ ಜೋಡಿ ಇರಬೇಕು ಅನಸೈತಿ ರೀ."

"ನಿಮ್ಮ ಜೋಡಿನೂ ಜಗಳಾಡತೀನಿ."

"ಆಡ್ರಿ."

ಅವಳು ಅವನ ಗ್ರೀಸು ಮೆತ್ತಿದ ಬೆರಳು ಹಿಡಿದಳು.

"ಮೊದಲು ಆ 'ರೀ' ಬಿಡು, ರುದ್ರೇಶ."