ತೆರೆಗೆ ಬಾರದ ಡೀಲಿಯಾಳ ಹಾಡು

"ಮಂಡಿನೋವು ನನ್ನದು. ನಿನಗ್ಯಾಕೆ ಸಂಕಟ?" ಕನ್ನಡಿಯ ಮುಂದೆ ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತ ಡೀಲಿಯಾ ಗೆರಾಟಿ ಸೊಸೆಯನ್ನು ಗದರಿದಳು. "ನನ್ನ ಹಾಡು ಸಿನಿಮಾದಲ್ಲಿ ಬರತ್ತೆ ಅಂತ ನಿನಗೆ ಹೊಟ್ಟೆಯುರಿ. ಅದಕ್ಕೇ ಹೋಗಬೇಡಿ, ಹೋಗಬೇಡಿ ಅಂತ ಬೆಳಗಿಂದ ಒಂದೇ ಸಮ ರಾಗ."

ಸೊಸೆ ಹಲೀನಾ ಅತ್ತೆಯ ಕೈಚೀಲ ತಂದುಕೊಟ್ಟಳು.

ಬ್ರೂಕ್ಲಿನ್‌ನ ನಮ್ಮ ಬೀದಿಯಲ್ಲಿ ಆ ಹಾಡು ಕೇಳದ ಕಿವಿಯೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಾಟಕಮಂದಿರಗಳ ಬೀದಿಯಾದ ಬ್ರಾಡ್‌ವೇಯಲ್ಲಿ ಹೆಸರು ಮಾಡಿದ ಸಂಗೀತ ನಾಟಕವೊಂದರಲ್ಲಿ ಡೀಲಿಯಾ ಅಗಸಗಿತ್ತಿಯ ಪಾತ್ರ ಮಾಡಿದ್ದಳು. ಹಾಡಿದ್ದು ಒಂದೇ ಒಂದು ಹಾಡು. ಆ ಒಂದರ ಮೇಲೆ ಇಡೀ ಬಾಳನ್ನೇ ನಿಲ್ಲಿಸಿಕೊಂಡಿದ್ದಳು ಪುಣ್ಯಾತ್ಗಿತ್ತಿ! ಪ್ರತಿ ಭಾನುವಾರ ಊಟವಾದ ಮೇಲೆ ಅವಳು ಹಾಡಬೇಕು, ನೆರೆಯವರಾದ ನಾವು ಚಪ್ಪಾಳೆ ತಟ್ಟಬೇಕು. ಪೋಲಿಷರ ಮನೆಯಿಂದ ಬಂದ ಸೊಸೆ ಪಾತ್ರೆ ತೊಳೆಯುತ್ತ ಗುನುಗಿದರೆ ಮಾತ್ರ, "ಕೋಸಿನ ಸಾರು ಕುಡಿದ ಗಂಟಲಿಗೆ ಸಂಗೀತ ಬೇರೆ ಕೇಡು" ಎಂದು ಚುಚ್ಚುವಳು. ಹನ್ನೊಂದು ವರ್ಷ ಅದನ್ನೆಲ್ಲ ನುಂಗಿಕೊಂಡು ಬಾಳಿದವಳು ಹಲೀನಾ.

ಈಗ ಆ ನಾಟಕ ಸಿನಿಮಾ ಆಗಿತ್ತು. ಹಲೀನಾ ಅದು ನಡೆಯುತ್ತಿದ್ದ ಚಿತ್ರಮಂದಿರದ ಕಿಟಕಿಯಲ್ಲಿ ಟಿಕೆಟ್ ಕೊಡುವವಳು, ಮೊದಲ ದಿನವೇ ನೋಡಿದ್ದಳು. ಸಿನಿಮಾದವರು ಆ ಹಾಡನ್ನೇ ಕಿತ್ತುಹಾಕಿದ್ದರು... ಹೇಳಿದರೆ ಅತ್ತೆ ನಂಬುವುದಿಲ್ಲ. ಹೇಳದಿದ್ದರೆ ಮುದುಕಿಯ ಎದೆ ಅಲ್ಲೇ ಒಡೆಯುತ್ತದೆ. ಏನು ಮಾಡಿಯಾಳು ಪಾಪ!

ಅತ್ತೆ ಸೊಸೆ ಇಬ್ಬರೂ ಮಧ್ಯಾಹ್ನದ ಆಟಕ್ಕೆ ಹೋದರು. ಮದುವೆಯ ದೃಶ್ಯ ಮುಗಿಯುತ್ತಲೇ ಡೀಲಿಯಾ ನೆಟ್ಟಗೆ ಕುಳಿತಳು. "ಈಗ ನೋಡು, ಈಗ." ಅಗಸಗಿತ್ತಿ ಬಕೆಟ್ ಹಿಡಿದು ಬಂದಳು, ಒಂದು ಹಾಸುಬಟ್ಟೆ ಒಣಹಾಕಿದಳು, ಹೊರಟೇ ಹೋದಳು. ಹಿಂದೆಯೇ ಹಡಗುಕಟ್ಟೆಯ ಕುಣಿತ ಶುರುವಾಯಿತು. ಕತ್ತಲಲ್ಲಿ ಅತ್ತೆಯ ಮುಖ ನೋಡುವ ಧೈರ್ಯವಾಗದೆ ಹಲೀನಾ ಕೊನೆಯವರೆಗೂ ಸದ್ದಿಲ್ಲದೆ ಅತ್ತಳು.

ದೀಪ ಹತ್ತಿತು.

"ಅತ್ತೆ, ನಿಮಗೆ ನಡುವೆ ಜೊಂಪು ಹತ್ತಿಬಿಡ್ತು. ಎಬ್ಬಿಸೋಣ ಅಂದ್ಕೊಂಡೆ..."

ಡೀಲಿಯಾ ಮೆಲ್ಲನೆ ತಿರುಗಿದಳು. "ಹಾಡು ಬಂತಾ?"

"ಬಂತು. ಆಕೆ ಹಾಡಿದ್ದು ಸುಮಾರು. ನಿಮ್ಮ ಹಾಗೆ ಎದೆಯಿಂದ ಬರ್ಲಿಲ್ಲ ಬಿಡಿ."

"ಹಂಗಾದ್ರೆ ಇನ್ನೊಂದು ಆಟ ಕೂತ್ಕೊಳ್ಳೋಣ. ಒಂದು ಟಿಕೆಟ್ಟಿಗೆ ಇಲ್ಲಿ ದಿನವಿಡೀ ಕೂರಬಹುದು, ಎದ್ದು ಹೋಗಿ ಅನ್ನೋರು ಯಾರೂ ಇಲ್ವಲ್ಲ."

ಹಲೀನಾ ಅತ್ತೆಯ ತೋಳು ಹಿಡಿದುಕೊಂಡಳು. "ಬೇಡ ಅತ್ತೆ... ನಿಮ್ಮ ದಮ್ಮಯ್ಯ, ಬೇಡ. ಮನೆಗೆ ಹೋಗೋಣ."

ಮುದುಕಿ ಸೊಸೆಯ ಕೆಂಪಾದ ಕಣ್ಣುಗಳನ್ನೇ ನೋಡುತ್ತ ಕುಳಿತಳು.

"ನಾನು ರೆಪ್ಪೆ ಮುಚ್ಚಿಲ್ಲ ಕಣೇ ಹುಡುಗಿ," ಎಂದಳು. "ನಿನಗೆ ಮೊದ್ಲೇ ಗೊತ್ತಿತ್ತು. ಭಾನುವಾರ ಎಲ್ಲರೆದುರು ಒಂದು ಮಾತು ಅಂದಿದ್ರೆ ನಾನು ಮಣ್ಣುಪಾಲಾಗ್ತಿದ್ದೆ. ಅಷ್ಟು ಅನ್ನಿಸಿಕೊಂಡೋಳು, ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?"

"ನಿಮಗೆ ಇರೋದು ಅದೊಂದೇ ಅಲ್ವಾ ಅತ್ತೆ..."

ಡೀಲಿಯಾ ಕೈಚೀಲದಿಂದ ಕರ್ಚೀಫು ತೆಗೆದಳು. ತನ್ನ ಕಣ್ಣು ಒರೆಸಿಕೊಳ್ಳಲಿಲ್ಲ, ಸೊಸೆಯ ಕೆನ್ನೆ ಒರೆಸಿದಳು. ನಂತರ ಅವಳ ಹೆಗಲು ಹಿಡಿದು ಎದ್ದಳು.

ಇಬ್ಬರೂ ಮನೆ ಸೇರುವ ಹೊತ್ತಿಗೆ ಮಗ ಯೂಜೀನ್ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ನಾವು ನಾಲ್ಕಾರು ಮಂದಿಯೂ ಅಲ್ಲೇ ಕಾದಿದ್ದೆವು.

"ಅಮ್ಮಾ, ಹೇಗಿತ್ತು ನಿನ್ನ ಹಾಡು?"

ಹಲೀನಾ ತಲೆ ತಗ್ಗಿಸಿದಳು. ಡೀಲಿಯಾ ಒಂದೊಂದೇ ಪಿನ್ನು ಕಿತ್ತು ಟೋಪಿ ತೆಗೆದಳು.

"ಜೊಂಪು ಹತ್ತಿಬಿಡ್ತು ಕಣೋ, ನಾನು ಕೇಳಲೇ ಇಲ್ಲ. ನಿನ್ನ ಹೆಂಡತಿ ಕೇಳಿದ್ದಾಳೆ. ಸಂಗೀತದ ವಿಷಯ ಇನ್ಮೇಲೆ ಏನಿದ್ರೂ ಅವಳನ್ನೇ ಕೇಳು."