ದೀಪದ ಗಾಜು ಒಡೆದವರು ಯಾರು?

ಬಡಗಿಗಳ ಸಂಘದ ಕೋಣೆಯಲ್ಲಿ ದೀಪದ ಗಾಜು ಚೂರುಚೂರಾಗಿದ್ದನ್ನು ಕಂಡಾಗ ಕಾರ್ಯದರ್ಶಿಗೆ ಚಿಂತೆ ಹತ್ತಿತು. ಗಾಜು ಹೋದರೆ ಹೋಗಲಿ, ಇನ್ನೊಂದು ತರಬಹುದು. ಆದರೆ ಸಭೆಗೆ ಮೊದಲು ಆ ದೀಪ ಹಚ್ಚಿ ಪ್ರಾರ್ಥನೆ ಓದುತ್ತಿದ್ದವನು ಜಪದಣ್ಣ. ದೇವರೇ ಇಲ್ಲವೆಂದು ಅವನೊಡನೆ ಜಗಳವಾಡುತ್ತಲೇ ಪಕ್ಕದಲ್ಲಿ ಕೂರುತ್ತಿದ್ದವನು ತಕರಾರಣ್ಣ. ಇವರಿಬ್ಬರೂ ಮುನಿದರೆ ಸಂಘ ಎರಡು ಹೋಳಾಗುವುದು ಖಂಡಿತ.

“ಈ ಪಾಪಿಯದೇ ಕೆಲಸ!” ತಕರಾರಣ್ಣನತ್ತ ಬೆರಳು ತೋರಿಸಿ ಜಪದಣ್ಣ ಕಿರುಚಿದ. “ಬೆಳಿಗ್ಗೆ ಬೀಗದ ಕೈ ಇಸ್ಕೊಂಡಿದ್ದು ಇವನೊಬ್ಬನೇ. ಸಂಘದಲ್ಲಿ ಇವನಿರಬೇಕು, ಇಲ್ಲಾ ನಾನಿರಬೇಕು!”

ತಕರಾರಣ್ಣ ಮುಖ ತಿರುಗಿಸಿಕೊಂಡ. ಅವನ ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕಾರ್ಯದರ್ಶಿ ಕೇಳಿದ್ದಕ್ಕೆ “ಉಳಿ ತಾಗಿತು” ಎಂದಷ್ಟೇ ಹೇಳಿದ.

ಏನೇ ಆಗಲಿ, ಸಂಘ ಒಡೆಯಲು ಬಿಡಲಾರೆ ಎಂದು ಹಲ್ಲು ಕಚ್ಚಿ ಕಾರ್ಯದರ್ಶಿ ಹಿಂದಿನ ಕೋಣೆಗೆ ಓಡಿದ. ಅಲ್ಲಿ ಬಿಡಾರ ಹೂಡಿದ್ದ ಭೂತಗನ್ನಡಿ ಮಾವ, ಬೀಗ ರಿಪೇರಿ ಬಿಟ್ಟಮೇಲೆ ಊರವರ ಒಗಟು ಬಿಚ್ಚುತ್ತಿದ್ದ ಆಸಾಮಿ. ಮಾವ ಬಂದು ನೋಡಿದ. ದೀಪ ಗೂಡಿನಲ್ಲಿ ನೆಟ್ಟಗೇ ಇತ್ತು, ಎಣ್ಣೆ ಒಂದು ಹನಿಯೂ ಚೆಲ್ಲಿರಲಿಲ್ಲ. ಚೂರುಗಳು ಮಾತ್ರ ದೂರದಲ್ಲಿ, ಕಿಟಕಿಯ ಕೆಳಗಿನ ಮೇಜಿನ ಮೇಲೆ. ಕೆಲವು ಮಸಿ ಹಿಡಿದಿದ್ದವು, ಕೆಲವು ಫಳಫಳ.

“ಎಲ್ಲರನ್ನೂ ಕರಿಯಪ್ಪಾ,” ಎಂದ ಮಾವ.

ಬಡಗಿಗಳೆಲ್ಲ ಸೇರಿದ ಮೇಲೆ ಮಾವ ಶುರುಮಾಡಿದ.

“ಸಿಟ್ಟಿಗೆ ಒಡೆಯೋನು ದೀಪಾನೇ ಕೆಡವ್ತಾನೆ. ಇವನು ಗಾಜನ್ನ ಮೆಲ್ಲಗೆ ಬಿಚ್ಚಿ ಬೆಳಕಿಗೆ ತಂದಿದ್ದಾನೆ. ಅರ್ಧ ಮಸಿ ಒರೆಸಾಗಿದೆ. ಒಡೆಯೋಕೆ ಬಂದೋನು ಒರೆಸ್ತಾನೇನ್ರಪ್ಪ? ಇನ್ನು ಆ ಗಾಯ. ನೀವೆಲ್ಲ ಬಡಗಿಗಳೇ. ಬಲಗೈಲಿ ಕೊಡತಿ ಹಿಡಿದು ಉಳಿಗೆ ಹೊಡೆಯೋನಿಗೆ ಅದು ತಾಗೋದು ಎಡಗೈಗೆ. ಬಲಗೈ ಬೆರಳು ಕುಯ್ದಿದ್ದು ಗಾಜಿನೊಳಗೆ ತೂರಿಸಿ ಒರೆಸುವಾಗ ಅದು ಒಡೆದು. ಜಪದಣ್ಣ, ನೀನು ಯಾವತ್ತಾದ್ರೂ ಆ ಗಾಜು ಒರೆಸಿದ್ದೀಯಾ?”

ಜಪದಣ್ಣ ಬೆಪ್ಪಾದ. “ಇಲ್ಲ... ಅದಕ್ಕೆ ಮಸಿ ಹಿಡಿಯೋದೇ ಇಲ್ಲ, ದೇವರ ಮಹಿಮೆ ಅಂದ್ಕೊಂಡಿದ್ದೆ.”

ಎಲ್ಲರೂ ಗೊಳ್ಳೆಂದು ನಕ್ಕರು. ಅವನು ಮಾತ್ರ ಗೆಳೆಯನ ಕಡೆ ತಿರುಗಿದ. “ಯಾಕೋ ಹೇಳಲಿಲ್ಲ?”

“ಕೇಳೋಕೆ ಮುಂಚೇನೇ ಪಾಪಿ ಅಂದೆ. ನನಗೂ ರೋಷ ಬಂತು. ಒರೆಸ್ತಿದ್ದಿದ್ದು ನಿನ್ನ ದೇವರಿಗಲ್ಲ ಕಣೋ. ಮಂದ ಬೆಳಕಲ್ಲಿ ನೀನು ಓದೋಕೆ ತಡವರಿಸ್ತೀಯ, ಇವರೆಲ್ಲ ಮುಸಿಮುಸಿ ನಗ್ತಾರೆ. ನನಗೆ ಸಹಿಸೋಕಾಗಲ್ಲ.”

ಜಪದಣ್ಣನ ಕಣ್ಣು ತುಂಬಿ ಬಂತು. ಅವನು ಗಾಜಿಲ್ಲದ ಬತ್ತಿಗೇ ಕಡ್ಡಿ ಗೀರಿದ. ಗಾಳಿಗೆ ಜ್ವಾಲೆ ಬಾಗಿತು. ಕಿಟಕಿ ಮುಚ್ಚಲು ಕಾರ್ಯದರ್ಶಿ ಏಳುವಷ್ಟರಲ್ಲಿ ತಕರಾರಣ್ಣ ಬಟ್ಟೆ ಸುತ್ತಿದ ಕೈಯನ್ನು ದೀಪಕ್ಕೆ ಅಡ್ಡ ಹಿಡಿದಿದ್ದ.

“ಬೇಗ ಓದೋ ಮಾರಾಯ,” ಎಂದು ಗೊಣಗಿದ, “ಕೈ ಸುಡ್ತಿದೆ.”