ನೀಲಾಜಿಯ ಹೊಟ್ಟೆಯೊಳಗಿನ ಕಲ್ಲುಹಾವು

ಏಳು ತೊರೆಗಳು ಒಂದೇ ಕೆರೆಗೆ ಬಂದು ಬೀಳುವ ಕಡೆ, ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ತೊರೆನಾಡು ಎಂಬ ರಾಜ್ಯವಿತ್ತು.

ಆ ರಾಜ್ಯದ ಅರಮನೆಯಲ್ಲಿ ಒಂದು ಪದ್ಧತಿಯಿತ್ತು. ರಾಜವಂಶದ ಮಗು ಮೊದಲ ಸಲ ಹೊನ್ನಿನ ಪೀಠದ ಮೇಲೆ ಕೂತು ಕಕ್ಕ ಮಾಡಿದ ದಿನ ಕೋಟೆಯ ಬುರುಜಿನ ಮೇಲೆ ನಗಾರಿ ಬಾರಿಸಬೇಕು. ಊರಿಗೆಲ್ಲ ಸಿಹಿ ಹಂಚಬೇಕು. ಪೀಠವೆಂದರೆ ಸಣ್ಣದಲ್ಲ, ಸಿಂಹಾಸನದಷ್ಟೇ ಎತ್ತರ. ನಡುವೆ ಒಂದು ತೂತು, ಕೆಳಗೆ ಬೆಳ್ಳಿಯ ಬೋಗುಣಿ. ಮಗು ಕೂತಾಗ ಸುತ್ತ ದೊರೆ, ರಾಣಿ, ದಾಸಿಯರು, ಬಾಗಿಲಲ್ಲಿ ಕೋಲು ಹಿಡಿದ ನಗಾರಿಯವನು, ಎಲ್ಲರೂ ಕಾಯುತ್ತ ನಿಲ್ಲುತ್ತಿದ್ದರು.

ಈ ಪದ್ಧತಿಯನ್ನು ಎಲ್ಲರಿಗಿಂತ ಹೆಚ್ಚು ಹೆಮ್ಮೆಯಿಂದ ನಡೆಸುತ್ತಿದ್ದವರು ರಾಜಮಾತೆ ಗೌರಾಜಮ್ಮಣ್ಣಿ. ಅವರು ಓದಿದವರು, ನಾಲ್ಕು ಭಾಷೆ ಬಲ್ಲವರು. ವಂಶದ ಯಾವ ಮಗು ಎಷ್ಟನೇ ತಿಂಗಳಿಗೆ ಪೀಠ ಏರಿತೆಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಅವರ ಮೊಮ್ಮಗಳೇ ನೀಲಾಜಿ. ಮೂರು ವರ್ಷ ತುಂಬಿದರೂ ಹೆಸರಿಗೆ ಇನ್ನೂ ನಗಾರಿ ಮೊಳಗದ ರಾಜಕುಮಾರಿ. ಅವಳು ನಕ್ಕರೆ ಕೊಳದ ಮೀನುಗಳು ಮೇಲೆ ಬಂದು ನೋಡುತ್ತಿದ್ದವು.

ಒಮ್ಮೆ ನೀಲಾಜಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಪೀಠದ ಮೇಲೆ ಕೂರಿಸಿದರು. ಕಕ್ಕ ಗಟ್ಟಿಯಾಗಿತ್ತು. ಬಹಳ ನೋವಾಯಿತು. ಮಗು ಚೀರಿ ಅತ್ತಿತು.

ಅದೇ ಹೊತ್ತಿಗೆ ಗೋಡೆಯ ಮೇಲೆ ಒಂದು ಹಲ್ಲಿ ಕೂತಿತ್ತು. ಅದು ಹಲ್ಲಿಯಲ್ಲ, ಗಂಟುಗುಡ್ಡದ ಮಾಂತ್ರಿಕ ಬಿಗಿಮುಷ್ಟಿ. ಮಕ್ಕಳ ನಗುವನ್ನು ಕದ್ದು ಮಣ್ಣಿನ ಗಡಿಗೆಗಳಲ್ಲಿ ತುಂಬಿಡುವುದೇ ಅವನ ಕಸುಬು. ಅವನು ನೀಲಾಜಿಯ ಕಿವಿಯಲ್ಲಿ ಪಿಸುಗುಟ್ಟಿದ.

"ಬಿಡಬೇಡ ಮಗು. ಬಿಟ್ಟರೆ ನೋಯುತ್ತದೆ. ಹಿಡಿದುಕೋ."

ನೀಲಾಜಿ ಹಿಡಿದುಕೊಂಡಳು. ಹಿಡಿದುಕೊಂಡದ್ದೇ ತಡ, ಅವಳ ಹೊಟ್ಟೆಯೊಳಗೆ ಒಂದು ಕಲ್ಲುಹಾವು ಹುಟ್ಟಿತು.

ಹಿಡಿದುಕೊಂಡಷ್ಟೂ ಹಾವು ಬೆಳೆಯಿತು. ಬೆಳೆದಷ್ಟೂ ಗಟ್ಟಿಯಾಯಿತು. ಗಟ್ಟಿಯಾದಷ್ಟೂ ಮಗುವಿಗೆ ಭಯ ಹೆಚ್ಚಿತು. ಹೊಟ್ಟೆ ನುಲಿದಾಗಲೆಲ್ಲ ಅವಳು ಪರದೆಯ ಹಿಂದೆ ಹೋಗಿ, ಕಾಲಿಗೆ ಕಾಲು ಹೆಣೆದು, ತುದಿಗಾಲಲ್ಲಿ ನಿಂತು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು.

ನಾಟ್ಯದ ಗುರು ಅದನ್ನು ಕಂಡು ಚಪ್ಪಾಳೆ ತಟ್ಟಿದ. "ಆಹಾ, ಏನು ನಿಲುವು! ನಾಟ್ಯ ಈ ಕೂಸಿನ ರಕ್ತದಲ್ಲೇ ಇದೆ!"

"ರಕ್ತದಲ್ಲಲ್ಲ ಗುರುಗಳೇ, ಹೊಟ್ಟೆಯಲ್ಲಿ" ಎಂದಳು ಮುದುಕಿ ದಾಸಿ.

ಸೂಲಗಿತ್ತಿ ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟು ಹಿಡಿದು ಬಂದಳು. ನೀಲಾಜಿ ಮಂಚದಡಿ ಸೇರಿ ಮಧ್ಯಾಹ್ನದವರೆಗೂ ಹೊರಬರಲಿಲ್ಲ. ಹೊಟ್ಟೆಯಲ್ಲಿ ಹಾವಿದೆ ಎಂದು ಮಗು ಅತ್ತಿದ್ದಕ್ಕೆ ದೊರೆ ಕತ್ತಿ ಹಿರಿದು "ಎಲ್ಲಿ ಆ ಹಾವು? ತೋರಿಸಿ!" ಎಂದು ಗರ್ಜಿಸಿದ. ಮಗು ಇನ್ನಷ್ಟು ಹೆದರಿತು. ರಾಜಮಾತೆಯಂತೂ ಬೆಳಗಾದರೆ ಪೀಠದ ಮುಂದೆ ನಿಂತು, "ಬಂತಾ ಕಂದಾ? ಇನ್ನೂ ಬರಲಿಲ್ಲವಾ? ನಿನ್ನಪ್ಪನಿಗೆ ನಿನ್ನ ವಯಸ್ಸಿಗೆಲ್ಲ ನಗಾರಿ ಬಾರಿಸಿ ವರ್ಷವಾಗಿತ್ತು ಗೊತ್ತಾ?" ಎನ್ನುತ್ತಿದ್ದರು.

ಮಗು ಊಟ ಬಿಟ್ಟಿತು. ಆಟ ಬಿಟ್ಟಿತು. ಕೊಳದ ಮೀನುಗಳು ತಳ ಸೇರಿದವು.

ಕೊನೆಗೆ ಆಸ್ಥಾನದ ವೈದ್ಯ ಪದ್ಮರಸರು ಬಂದು ಹೊಟ್ಟೆ ಮುಟ್ಟಿ ನೋಡಿದರು. "ಹಾವಿನ ಹೆಡೆ ಹೊಕ್ಕುಳು ದಾಟಿದೆ. ಎದೆಗೆ ಮುಟ್ಟಿತೆಂದರೆ ಮಗುವಿನ ನಗು ಶಾಶ್ವತವಾಗಿ ಬಿಗಿಮುಷ್ಟಿಯ ಗಡಿಗೆಯನ್ನು ಸೇರುತ್ತದೆ. ಕಲ್ಲನ್ನು ಮೆದುಮಾಡುವ ಲೇಹ್ಯ ಕೊಡುತ್ತೇನೆ, ತಪ್ಪದೆ ಕೊಡಿ. ಆದರೆ ಭಯದ ಗಂಟಿಗೆ ನನ್ನಲ್ಲಿ ಮದ್ದಿಲ್ಲ. ಗಂಟುಗುಡ್ಡದ ಮೂರು ಬಾಗಿಲು ದಾಟಿ ಮಗು ತಾನೇ ಅದನ್ನು ಬಿಚ್ಚಬೇಕು. ಬೇರೆ ಯಾರೂ ಬಿಚ್ಚಲಾರರು."

"ಜೊತೆಗೆ ನಾನು ಹೋಗುತ್ತೇನೆ" ಎಂದರು ರಾಜಮಾತೆ. ದೊರೆ ಬೇಡವೆಂದ. "ನಿನ್ನನ್ನು ಸಾಕಿದವಳು ನಾನು, ನೀನು ನನಗೆ ಬೇಡ ಎನ್ನುತ್ತೀಯಾ?" ಎಂದು ಸೆರಗು ಸಿಕ್ಕಿಸಿ, ಲೇಹ್ಯದ ಭರಣಿ ಕಟ್ಟಿಕೊಂಡು, ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಗುಡ್ಡದ ಮೊದಲ ಬಾಗಿಲಿಗೆ ಒಂದು ಆನೆ ಅಡ್ಡ ನಿಂತಿತ್ತು. ಮಣ್ಣಿನ ಆನೆ. ಬೇಸಗೆಯ ಕೆರೆಯಂತೆ ಮೈಯೆಲ್ಲ ಬಿರುಕು ಬಿಟ್ಟಿತ್ತು.

"ನನಗೆ ಬಾಯಾರಿಕೆ" ಎಂದಿತು ಆನೆ. "ಆದರೆ ಮಾಂತ್ರಿಕನ ಕಟ್ಟು ಹೀಗಿದೆ. ಒಂದು ಮಗು ಕುಡಿದರೆ ಮಾತ್ರ ನನ್ನ ಗಂಟಲೂ ತೇವವಾಗುತ್ತದೆ. ನೀನು ಒಂದು ಗುಟುಕು ಕುಡಿದರೆ ನನಗೆ ಒಂದು ಕೊಡ."

"ನಂಗೆ ನೀರು ಬೇಡ. ಹಾಲು ಬೇಕು" ಎಂದಳು ನೀಲಾಜಿ. ಅರಮನೆಯಲ್ಲಿ ಅವಳು ಬೆಳಗಿನಿಂದ ಸಂಜೆಯವರೆಗೆ ಹಾಲನ್ನೇ ಕುಡಿಯುತ್ತಿದ್ದಳು.

"ಬರೀ ಹಾಲು ಕುಡಿದೇ ನಾನು ಹೀಗಾದದ್ದು" ಎಂದು ಆನೆ ನಿಟ್ಟುಸಿರು ಬಿಟ್ಟಿತು. ಅದರ ಕಿವಿಯಿಂದ ಒಂದು ಹಿಡಿ ಮಣ್ಣು ಉದುರಿತು.

ನೀಲಾಜಿಗೆ ಕನಿಕರ ಬಂತು. ಬಾಗಿಲ ಬಳಿ ಹರಿಯುತ್ತಿದ್ದ ತೊರೆಗೆ ಬಾಗಿ ಒಂದು ಗುಟುಕು ಕುಡಿದಳು. ಆನೆಯ ಒಂದು ಕಾಲು ಕಪ್ಪಗೆ ಮಿಂಚಿತು. "ಅಯ್ಯೋ ಅಜ್ಜೀ, ನೋಡು!" ಮತ್ತೆ ಕುಡಿದಳು, ಸೊಂಡಿಲು ಮಿಂಚಿತು. ಕುಡಿದಳು, ಕುಡಿದಳು, ಆನೆ ಪೂರ್ತಿ ಕಪ್ಪಗೆ ಹೊಳೆದು ಘೀಳಿಟ್ಟಿತು. ಪಕ್ಕದ ಮರದಿಂದ ಒಂದು ಪರಂಗಿ ಹಣ್ಣು ಕಿತ್ತು ಕೊಟ್ಟು ದಾರಿ ಬಿಟ್ಟಿತು.

ಹೊಟ್ಟೆಯೊಳಗೆ ಕಲ್ಲುಹಾವು ಮೆದುವಾಗತೊಡಗಿತು. "ಅಜ್ಜೀ, ಹಾವು ಅಲುಗಾಡ್ತಿದೆ" ಎಂದಳು ನೀಲಾಜಿ.

ಎರಡನೆಯ ಬಾಗಿಲಿನಲ್ಲಿ ಒಂದು ಕಂಚಿನ ಕಪ್ಪೆ ಕೂತಿತ್ತು, ಎತ್ತಿನಷ್ಟು ದೊಡ್ಡದು.

"ಕೂತು ತೋರಿಸಿದವರಿಗೆ ದಾರಿ" ಎಂದಿತು ಕಪ್ಪೆ.

ನೀಲಾಜಿ ಹತ್ತಿರದ ಎತ್ತರದ ಬಂಡೆಯನ್ನು ಹತ್ತಿ, ಅರಮನೆಯಲ್ಲಿ ಕೂರುವಂತೆ ನೆಟ್ಟಗೆ ಕೂತಳು. ಕಾಲುಗಳು ಗಾಳಿಯಲ್ಲಿ ತೂಗಾಡಿದವು.

ಕಪ್ಪೆ ಗೊಳ್ಳೆಂದು ನಕ್ಕಿತು. "ಇದೇನು ಕೂರುವುದೇ? ಯಾರು ಕಲಿಸಿದರು?"

ರಾಜಮಾತೆಗೆ ಮುಖ ಕೆಂಪಾಯಿತು. "ನಮ್ಮ ವಂಶದವರೆಲ್ಲ ಹೀಗೇ ಕೂತದ್ದು!"

"ಪಾಪ, ಎಷ್ಟು ತಿಣುಕಿದರೋ!" ಎಂದಿತು ಕಪ್ಪೆ. "ಅಮ್ಮಾ, ಕಾಲಿಗೆ ನೆಲ ಸಿಗದಿದ್ದರೆ ಹೊಟ್ಟೆಗೆ ಧೈರ್ಯ ಸಿಗುವುದಿಲ್ಲ. ನನ್ನನ್ನು ನೋಡು ಮರಿ. ಮಂಡಿ ಮೇಲೆ, ಪಾದ ನೆಲದ ಮೇಲೆ, ಮೈ ಸ್ವಲ್ಪ ಮುಂದೆ."

ನೀಲಾಜಿ ಬಂಡೆಯಿಂದ ಇಳಿದಳು. ಆಗಲೇ ಹೊಟ್ಟೆ ನುಲಿಯಿತು. ಬಂಡೆಯ ಸಂದಿಯಿಂದ ಹಲ್ಲಿ ಲೊಚಗುಟ್ಟಿತು. "ಬಿಡಬೇಡ! ಹಿಡಿದುಕೋ!" ಮಗು ಬೆಚ್ಚಿ ಕಾಲು ಹೆಣೆದು ತುದಿಗಾಲಲ್ಲಿ ನಿಂತಿತು. ಹಿಡಿದರೂ ಪೂರ್ತಿ ಹಿಡಿಯಲಾಗಲಿಲ್ಲ. ರೇಷ್ಮೆ ಲಂಗ ಕೊಳೆಯಾಯಿತು. ಹಾವಿನ ಹೆಡೆ ಪಕ್ಕೆಲುಬಿನವರೆಗೆ ಜಾರಿ ಏರಿತು.

ನೀಲಾಜಿ ಬಿಕ್ಕಿ ಬಿಕ್ಕಿ ಅತ್ತಳು. "ಅಜ್ಜೀ, ನಾನು ಕೆಟ್ಟೋಳಾ?"

ರಾಜಮಾತೆಯ ನಾಲಿಗೆಯ ತುದಿಯಲ್ಲಿ ಹಳೆಯ ಮಾತು ಸಿದ್ಧವಾಗಿತ್ತು. 'ಇಷ್ಟು ದೊಡ್ಡವಳಾಗಿ ನಾಚಿಕೆಯಾಗುವುದಿಲ್ಲವೇ?' ಆದರೆ ಮಗುವಿನ ಮುಖ ನೋಡಿದರು. ಮಾತನ್ನು ನುಂಗಿದರು. ಮಗುವನ್ನು ತೊರೆಗೆ ಕರೆದೊಯ್ದು ತೊಳೆದರು. ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಒಗೆಯದ ಕೈ ಆ ಲಂಗವನ್ನು ಕಲ್ಲಿಗೆ ಬಡಿದು ಒಗೆಯಿತು.

"ಕೆಟ್ಟದ್ದು ಏನಾಯಿತು ಚಿನ್ನ? ಬಟ್ಟೆ ಕೊಳೆಯಾಯಿತು, ಒಗೆದೆವು. ಬಿಸಿಲಿದೆ, ಒಣಗುತ್ತದೆ."

"ಅಷ್ಟೇನಾ?"

"ಅಷ್ಟೇ."

ಅಜ್ಜಿ ಹಾಗೆ ಅನ್ನುತ್ತಿದ್ದಂತೆ ಹಾವು ಏರುವುದನ್ನು ನಿಲ್ಲಿಸಿತು. ನೀಲಾಜಿ ಮೂಗು ಒರೆಸಿಕೊಂಡು ಕಪ್ಪೆಯ ಎದುರು ಕಪ್ಪೆಯ ಹಾಗೆಯೇ ಕೂತಳು. ಮಂಡಿ ಮೇಲೆ, ಪಾದ ನೆಲದ ಮೇಲೆ. "ವಟರ್!" ಎಂದಳು. ಕಪ್ಪೆ ಸಂತೋಷದಿಂದ ಜಿಗಿದು ತೊರೆಗೆ ಹಾರಿತು. ಅದು ಕೂತಿದ್ದ ಜಾಗದಲ್ಲಿ ಒಂದು ಪುಟ್ಟ ಮರದ ಪೀಠ ಉಳಿಯಿತು, ಗಿಡ್ಡನೆಯದು, ನಡುವೆ ತೂತು. ರಾಜಮಾತೆ ಅದನ್ನು ಕಂಕುಳಲ್ಲಿ ಇರುಕಿಕೊಂಡರು.

ಲಂಗ ಒಣಗಿದ ಮೇಲೆ ಇಬ್ಬರೂ ಪರಂಗಿ ಹಣ್ಣು ತಿಂದರು. ನೀಲಾಜಿ ಲೇಹ್ಯ ನೆಕ್ಕಿದಳು. ಮತ್ತೆ ಗುಡ್ಡ ಹತ್ತಿದರು.

ಮೂರನೆಯ ಬಾಗಿಲಿನ ಮೇಲೆ ನೂರು ಕಣ್ಣಿನ ಗೂಬೆ ಕೂತಿತ್ತು. ಬಾಗಿಲ ಮುಂದೆ ಒಂದು ಚಪ್ಪಟೆ ಕಲ್ಲು. ಬಾಗಿಲ ಆಚೆ ಗಡಿಗೆಗಳ ನಡುವೆ, ಹಲ್ಲಿಯ ವೇಷ ಕಳಚಿದ ಬಿಗಿಮುಷ್ಟಿ. ಅವನ ಎರಡು ಮುಷ್ಟಿಗಳೂ ಬಿಗಿದಿದ್ದವು. ನೀಲಾಜಿಯ ಹೆಸರಿನ ಗಡಿಗೆ ಬಾಯಿ ತೆರೆದು ಕಾಯುತ್ತಿತ್ತು.

"ಇಲ್ಲಿ ಕೂತು ಗಂಟು ಬಿಚ್ಚಿದರೆ ಬಾಗಿಲು ತೆರೆಯುತ್ತದೆ" ಎಂದಿತು ಗೂಬೆ. "ಆದರೆ ನೋಡುವ ಕಣ್ಣು ಇರುವವರೆಗೆ ಯಾವ ಮಗುವಿನ ಗಂಟೂ ಬಿಚ್ಚದು. ನನ್ನ ನೂರು ಕಣ್ಣನ್ನು ನಾನು ಮುಚ್ಚಬಲ್ಲೆ. ಉಳಿದ ಎರಡು ಯಾರವು?"

ರಾಜಮಾತೆ ಸುತ್ತ ನೋಡಿದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ಅವರಿಗೆ ಅರ್ಥವಾಯಿತು. ಮೊದಲೆರಡು ಪರೀಕ್ಷೆ ಮಗುವಿನದು, ಮೂರನೆಯದು ತಮ್ಮದು.

ಅವರು ಕಲ್ಲಿನ ಮೇಲೆ ಮರದ ಪೀಠ ಇಟ್ಟರು. ತೆಂಗಿನ ಗರಿಯ ಪೀಪಿಯೊಂದನ್ನು ಸುತ್ತಿ ಮಗುವಿನ ಕೈಗೆ ಕೊಟ್ಟರು. "ಹೊಟ್ಟೆ ನುಲಿದರೆ ಇದನ್ನು ಊದು ಮರಿ. ನಾನು ಆಚೆ ಬೆಟ್ಟ ನೋಡುತ್ತ ಕೂತಿರುತ್ತೇನೆ."

"ಬಂತಾ ಅಂತ ಕೇಳಲ್ವಾ?"

"ಕೇಳುವುದಿಲ್ಲ."

"ಬರದೇ ಇದ್ರೆ?"

"ಬರದಿದ್ದರೆ ಇಬ್ಬರೂ ಮತ್ತೊಂದು ಹಣ್ಣು ತಿನ್ನೋಣ."

ರಾಜಮಾತೆ ಬೆನ್ನು ತಿರುಗಿಸಿ ಕೂತರು. ಗೂಬೆ ನೂರು ಕಣ್ಣು ಮುಚ್ಚಿತು. ನೀಲಾಜಿ ಕಪ್ಪೆಯ ಹಾಗೆ ಕೂತಳು.

ಬಾಗಿಲ ಆಚೆಯಿಂದ ಬಿಗಿಮುಷ್ಟಿ ಕೂಗಿದ. "ನೋಯುತ್ತದೆ! ಹಿಡಿದುಕೋ!"

ಪೀ... ಎಂದು ಊದಿದಳು ನೀಲಾಜಿ.

ರಾಜಮಾತೆಗೆ ಒಮ್ಮೆ ತಿರುಗಿ ನೋಡಬೇಕೆನಿಸಿತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು.

"ಹಿಡಿದುಕೋ!" ಬಿಗಿಮುಷ್ಟಿ ಮತ್ತೆ ಕಿರುಚಿದ.

ಪೀ ಪೀ... ಎಂದು ಊದಿದಳು ನೀಲಾಜಿ.

'ಬಂತಾ' ಎಂಬ ಮಾತು ರಾಜಮಾತೆಯ ಗಂಟಲಿಗೆ ಬಂದು ಕೂತಿತು. ಅವರು ಎದುರಿನ ಬೆಟ್ಟದ ಮರಗಳಿಗೆ ಒಂದೊಂದಾಗಿ ನಾಲ್ಕು ಭಾಷೆಯಲ್ಲೂ ಹೆಸರಿಡತೊಡಗಿದರು.

"ಹಿಡಿದುಕೋ! ನಿನ್ನ ಕಾಲಿಗೆ ಬೀಳುತ್ತೇನೆ, ಹಿಡಿದುಕೋ!"

ಪೀ ಪೀ ಪೀಈಈಈ...

ಬಿತ್ತು! ಕಲ್ಲುಹಾವು ಕೆಳಗೆ ಬಿತ್ತು. ಅದು ಕಲ್ಲಾಗಿ ಉಳಿದಿರಲಿಲ್ಲ, ಮಾಗಿದ ಬಾಳೆಹಣ್ಣಿನಷ್ಟು ಮೆತ್ತಗಿತ್ತು. ನೀಲಾಜಿ ಬಗ್ಗಿ ನೋಡಿದಳು. ಆಶ್ಚರ್ಯದಿಂದ ಕಣ್ಣರಳಿಸಿದಳು.

"ಅಜ್ಜೀ! ನೋಯ್ಲೇ ಇಲ್ಲ!"

ಎಂದು ನಕ್ಕಳು. ಆ ನಗುವಿಗೆ ಮೂರನೆಯ ಬಾಗಿಲು ಸೀಳಿ ಬಿತ್ತು. ಬಿಗಿಮುಷ್ಟಿಯ ಎರಡು ಮುಷ್ಟಿಗಳೂ ತಾವಾಗಿಯೇ ಬಿಚ್ಚಿಕೊಂಡವು. ಬಿಚ್ಚಿದ ಕೈಯಲ್ಲಿ ಮಾಯೆ ನಿಲ್ಲದು. ಗಡಿಗೆಗಳು ಢಮ್ ಢಮ್ ಎಂದು ಒಡೆದು, ಎಷ್ಟೋ ಊರಿನ ಎಷ್ಟೋ ಮಕ್ಕಳ ನಗು ಗಿಳಿಗಳ ಹಿಂಡಿನಂತೆ ಹಾರಿ ಅವರವರ ಮನೆ ಸೇರಿತು. ಮಾಂತ್ರಿಕ ಬಾಲ ಕಳೆದುಕೊಂಡ ಹಲ್ಲಿಯಾಗಿ ಬಿರುಕಿನಲ್ಲಿ ನುಸುಳಿ ಮಾಯವಾದ. ಗೂಬೆ ಒಂದೇ ಒಂದು ಕಣ್ಣು ತೆರೆದು ರಾಜಮಾತೆಗೆ ಮಿಟುಕಿಸಿತು.

ಕೆಳಗೆ ಕಾದಿದ್ದ ಕಪ್ಪು ಆನೆಯ ಮೇಲೆ ಕೂತು ಇಬ್ಬರೂ ಹಾಡಹಗಲಲ್ಲಿ ಅರಮನೆಗೆ ಬಂದರು. ಊರೆಲ್ಲ ಬೀದಿಯಲ್ಲಿ ನಿಂತಿತ್ತು. ಸುದ್ದಿ ತಿಳಿದ ನಗಾರಿಯವನು ಕೋಲೆತ್ತಿದ.

"ನಿಲ್ಲು!" ಎಂದರು ರಾಜಮಾತೆ. "ನಗಾರಿ ಬೇಡ. ಇನ್ನು ಮೇಲೆ ಈ ಮನೆಯಲ್ಲಿ ಮಗು ಕೂತರೆ ಯಾರೂ ಸುತ್ತ ನಿಲ್ಲಬಾರದು. ಬಂತಾ ಎಂದು ಕೇಳಬಾರದು, ನಾನೂ ಸೇರಿ."

ನಗಾರಿಯವನು ಕೋಲು ಇಳಿಸಿದ. ಆಗ ಆನೆಯ ಮೇಲಿಂದ ಸಣ್ಣ ದನಿ ಬಂತು.

"ಅಜ್ಜೀ, ನಾನೇ ಬಾರಿಸ್ಲಾ?"

ರಾಜಮಾತೆ ಮೊಮ್ಮಗಳ ಮುಖ ನೋಡಿದರು. "ನಿನಗೆ ಬೇಕೆನಿಸಿದರೆ ಬಾರಿಸು ಕಂದಾ. ಅದು ನಿನ್ನದೇ ಗೆಲುವು."

ಆನೆ ಸೊಂಡಿಲಿನಿಂದ ನೀಲಾಜಿಯನ್ನು ಬುರುಜಿನ ಮೇಲೆ ಇಳಿಸಿತು. ಅವಳು ತನ್ನಷ್ಟೇ ಎತ್ತರದ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಧಡಾರ್ ಎಂದು ಬಾರಿಸಿದಳು. ಕೊಳದ ಮೀನುಗಳೆಲ್ಲ ಮೇಲೆ ಜಿಗಿದವು. ನಾಟ್ಯದ ಗುರು ಬೆಚ್ಚಿ ಕೊಳಕ್ಕೇ ಬಿದ್ದ.

ಮರುದಿನವೂ ಆಯಿತು. ಅದರ ಮರುದಿನ ಆಗಲಿಲ್ಲ. ಯಾರೂ ಕೇಳಲಿಲ್ಲ. ಲೇಹ್ಯ ಕೊಟ್ಟರು, ನೀರು ಕೊಟ್ಟರು, ಊಟವಾದ ಮೇಲೆ ಪುಟ್ಟ ಪೀಠದ ಪಕ್ಕ ಪೀಪಿ ಇಟ್ಟು ಆಚೆ ಹೋದರು. ಮತ್ತೆ ಆಯಿತು. ಹಾವು ಮತ್ತೆ ಕಲ್ಲಾಗಲಿಲ್ಲ.

ಹೊನ್ನಿನ ಪೀಠದ ತೂತಿಗೆ ಒಂದು ಬಿದಿರಿನ ಬುಟ್ಟಿ ಕೂರಿಸಿ, ಮಣ್ಣು ತುಂಬಿ, ರಾಜಮಾತೆ ಬಸಳೆ ನೆಟ್ಟರು. ಸೊಪ್ಪು ಸೊಗಸಾಗಿ ಹಬ್ಬಿತು. ತೊರೆನಾಡಿನಲ್ಲಿ ಅಂದಿನಿಂದ ನಗಾರಿ ಯಾವಾಗ ಬಾರಿಸಬೇಕೆಂಬುದನ್ನು ದೊರೆಯಾಗಲಿ ರಾಜಮಾತೆಯಾಗಲಿ ಹೇಳುವುದಿಲ್ಲ, ಮಗುವೇ ಹೇಳುತ್ತದೆ. ಅವರೆಲ್ಲ ಹೊಟ್ಟೆ ಹಗುರಾಗಿ, ಬಾಯಿ ತುಂಬ ನಗುತ್ತ, ಏಳು ತೊರೆಗಳು ಹರಿಯುವವರೆಗೂ ಬಾಳಿದರು. ತೊರೆಗಳು ಇನ್ನೂ ಹರಿಯುತ್ತಲೇ ಇವೆ.